ಹಾಡಿನ ನಡುವಿನ ಉಸಿರು

ಮಂಗಳೂರು ಕಡೆಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ ನಾನು ಸುಮಾರು 35 ವರ್ಷಗಳಿಂದ ಹಾಡು ನಡೆಸುತ್ತಿದ್ದೇನೆ. ಭಾನುವಾರದ ಆರಾಧನೆಗೆ ಆರ್ಗನ್ ನುಡಿಸುತ್ತೇನೆ. ಶನಿವಾರ ಸಂಜೆ ಗಾಯನ ತಂಡಕ್ಕೆ ಹಾಡು ಕಲಿಸುತ್ತೇನೆ. ಮದುವೆಗೆ ಯಾವ ಹಾಡು, ಸಾವಿನ ಮನೆಗೆ ಯಾವ ಹಾಡು ಎಂದು ನಮ್ಮ ಪಾದ್ರಿ ಅಯ್ಯನವರ ಜೊತೆ ಕೂತು ಗೊತ್ತುಮಾಡುತ್ತೇನೆ.

ಇವತ್ತು ನಾನು ಒಂದೇ ವಿಷಯ ಮಾತಾಡುತ್ತೇನೆ. ಹಾಡಿನ ಎರಡು ಸಾಲುಗಳ ನಡುವೆ ಜನ ತೆಗೆದುಕೊಳ್ಳುವ ಉಸಿರು. ಅರೆಗಳಿಗೆಯೂ ಇಲ್ಲದ ಸಂಗತಿ. ಅದನ್ನು ಕಲಿಯಲು ನನಗೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಮೊದಲು ಆರ್ಗನ್ ಎಂಬ ವಾದ್ಯ ಹೇಗಿರುತ್ತದೆ, ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹಲವರು ಅದನ್ನು ನೋಡಿರಲಿಕ್ಕಿಲ್ಲ. ಆದರೆ ಕಮ್ಮಾರನ ಕುಲುಮೆ ನೋಡಿರುತ್ತೀರಿ. ತಿದಿ ಒತ್ತಿದರೆ ಗಾಳಿ ನುಗ್ಗಿ ಕೆಂಡ ಕೆಂಪಾಗುತ್ತದೆ. ಆರ್ಗನ್ನಿನ ಮೂಲವೂ ಅದೇ ತಿದಿ. ತಿದಿಯ ಗಾಳಿ ಒಂದು ದೊಡ್ಡ ಪೆಟ್ಟಿಗೆಯೊಳಗೆ ತುಂಬಿ ನಿಂತಿರುತ್ತದೆ. ಪೆಟ್ಟಿಗೆಯ ಮೇಲೆ ಸಾಲುಸಾಲಾಗಿ ಕೊಳವೆಗಳು. ಕೆಲವು ತವರ, ಸೀಸ ಬೆರೆಸಿ ಮಾಡಿದವು. ಕೆಲವು ಮರದವು. ಒಂದೊಂದೂ ಒಂದು ಕೊಳಲು ಅಂದುಕೊಳ್ಳಿ. ಆದರೆ ಒಂದು ಕೊಳವೆಗೆ ಒಂದೇ ಸ್ವರ. ಬೆರಳು ಕೀ ಒತ್ತಿದರೆ ಆ ಕೊಳವೆಯ ಬುಡದ ಬಾಗಿಲು ತೆರೆಯುತ್ತದೆ. ಗಾಳಿ ಹೊಕ್ಕು ಕೊಳವೆ ಹಾಡುತ್ತದೆ. ಗಂಡಸಿನ ಗಂಟಲು ಇಳಿಯುವಷ್ಟು ತಗ್ಗಿನ ಸ್ವರ ಬೇಕಾದರೆ ಕೊಳವೆ 8 ಅಡಿ ಉದ್ದ ಇರಬೇಕು. ಅದಕ್ಕೂ ಒಂದು ಸ್ಥಾಯಿ ಕೆಳಗೆ ಹೋಗಲು 16 ಅಡಿ. ಅತಿ ಮೇಲಿನ ಸ್ವರದ ಕೊಳವೆ ನಿಮ್ಮ ಕಿರುಬೆರಳಿಗಿಂತ ಚಿಕ್ಕದು.

ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರೂಸ್ ಚರ್ಚ್ ಇದೆ. ಸ್ಕಾಟ್ಲೆಂಡಿನವರು 1866ರಲ್ಲಿ ಕಟ್ಟಿ ಮುಗಿಸಿದ್ದು. ಅಲ್ಲಿಯ ಪೈಪ್ ಆರ್ಗನ್ 1881ರದು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಎಂಬ ಊರಿನ ಪೀಟರ್ ಕೊನಾಕರ್ ಕಂಪನಿ ಮಾಡಿದ್ದು. ಅಂದರೆ 140 ವರ್ಷ ದಾಟಿದ ವಾದ್ಯ. ಯುವಕನಾಗಿದ್ದಾಗ ನಾನು ಮೊದಲ ಸಲ ಪೈಪ್ ಆರ್ಗನ್ ಕೇಳಿದ್ದು ಅಲ್ಲೇ. ಕಾಲಿನಿಂದ ಒತ್ತುವ ತಗ್ಗು ಸ್ವರ ಬಂದಾಗ ಅದು ಕಿವಿಗೆ ಕೇಳುವ ಮುಂಚೆ ಕೂತ ಬೆಂಚಿಗೆ ತಾಗಿತು. ಅಂಗೈಯನ್ನು ಮರದ ಮೇಲೆ ಇಟ್ಟೆ. ಮರ ಸಣ್ಣಗೆ ನಡುಗುತ್ತಿತ್ತು.

ಈಗ ಗಮನಿಸಿ. ವೀಣೆಯ ತಂತಿ ಮೀಟಿದರೆ ನಾದ ಮೆಲ್ಲಗೆ ಆರುತ್ತದೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಮುಗಿಯುತ್ತದೆ. ಕೊಳಲಿನವರು ಉಸಿರು ಮುಗಿದಾಗ ನಿಲ್ಲಿಸಲೇಬೇಕು. ಆರ್ಗನ್ ಹಾಗಲ್ಲ. ಬೆರಳು ಇರುವವರೆಗೆ ಸ್ವರ ಇರುತ್ತದೆ, ಒಂದಿಷ್ಟೂ ಕುಗ್ಗದೆ. ನೂರಾರು ಜನರ ದನಿಯನ್ನು ಅದೊಂದೇ ಹೊರಬಲ್ಲದು. ಅದಕ್ಕೆ ಉಸಿರು ಬೇಡ. ಅದನ್ನು ಕೇಳಿ ಹಾಡುವವರಿಗೆ ಮಾತ್ರ ಬೇಕು. ನನ್ನ ತಪ್ಪು ಶುರುವಾದದ್ದು ಇಲ್ಲಿಂದ.

ಆರ್ಗನ್ನಿಗೆ ಉಸಿರು ಬೇಡ, ಜನರಿಗೆ ಬೇಕು ಎಂದೆ. ಈಗ ನನ್ನ ಬಾಲ್ಯಕ್ಕೆ ಬರುತ್ತೇನೆ.

ನಮ್ಮ ದೇವಾಲಯದಲ್ಲಿ ಪೈಪ್ ಆರ್ಗನ್ ಇರಲಿಲ್ಲ. ಕಾಲಿನಿಂದ ತುಳಿಯುವ ರೀಡ್ ಆರ್ಗನ್ ಇತ್ತು. ಅದರೊಳಗೆ ಹಾರ್ಮೋನಿಯಮ್ಮಿನಲ್ಲಿರುವಂಥ ಹಿತ್ತಾಳೆಯ ನಾಲಗೆಗಳು. ಬುಡದಲ್ಲಿ ಎರಡು ಹಲಗೆ. ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಬಲಗಾಲು, ಎಡಗಾಲು, ಬಲಗಾಲು, ಎಡಗಾಲು. ತುಳಿಯುವುದು ನಿಂತರೆ ನಾದ ಸೊರಗುತ್ತದೆ.

ಅದನ್ನು ನುಡಿಸುತ್ತಿದ್ದವರು ಶಾಲೆಯ ಮಾಸ್ತರರು. ಮಳೆಗಾಲ ಬಂತೆಂದರೆ ಮರ ನೀರು ಹೀರಿ ಕೀಗಳು ಉಬ್ಬುತ್ತಿದ್ದವು. ಒತ್ತಿದ್ದು ಮೇಲೇಳುತ್ತಿರಲಿಲ್ಲ. ಒಂದೇ ಸ್ವರ ಊಳಿಡುತ್ತಾ ಉಳಿಯುತ್ತಿತ್ತು. ಮಾಸ್ತರರು ಶನಿವಾರ ರಾತ್ರಿ ಪೆಟ್ಟಿಗೆಯೊಳಗೆ 40 ವ್ಯಾಟಿನ ಒಂದು ಬಲ್ಬು ಹಚ್ಚಿಡುತ್ತಿದ್ದರು. ಬೆಳಗಾಗುವಾಗ ಒಳಗೆಲ್ಲ ಬೆಚ್ಚಗಾಗಿ, ಕೀಗಳು ಸಡಿಲವಾಗಿರುತ್ತಿದ್ದವು. ಆ ಬಲ್ಬು ಆರಿಸಿ ಹೊರಗೆ ತೆಗೆಯುವ ಕೆಲಸ ನನ್ನದು. ಬಿಸಿ ಧೂಳಿನ ಆ ವಾಸನೆ ಈಗಲೂ ಮೂಗಿನಲ್ಲಿದೆ.

ಮಾಸ್ತರರಿಗೆ ಆಗ ವಯಸ್ಸಾಗಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ಕೈ ಎತ್ತಿಬಿಡುತ್ತಿದ್ದರು. ಎರಡು ಸಲ ಗಟ್ಟಿಯಾಗಿ ತುಳಿದು ತಿದಿ ತುಂಬಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರು. ಅವರಿಗೆ ದಣಿವು, ಅದಕ್ಕೆ ಹೀಗೆ ಎಂದು ನಾನು ತಿಳಿದಿದ್ದೆ. ಅವರ ಕಾಲದಲ್ಲಿ ಇಡೀ ಸಭೆ ಎದೆ ತುಂಬಿ ಹಾಡುತ್ತಿತ್ತು. ಆ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಆಗ ಇರಲಿಲ್ಲ.

ಮಾಸ್ತರರ ನಂತರ ಆ ಬೆಂಚು ನನಗೆ ಬಂತು. ಕೆಲವು ವರ್ಷಗಳಲ್ಲಿ ಸಭೆಯವರು ಹಣ ಕೂಡಿಸಿ ಎಲೆಕ್ಟ್ರಾನಿಕ್ ಆರ್ಗನ್ ತಂದರು. ಅದರಲ್ಲಿ ತುಳಿಯುವಂಥದು ಏನೂ ಇಲ್ಲ. ಸ್ವಿಚ್ ಹಾಕಿದರೆ ಆಯಿತು. ನನಗೆ ಎಲ್ಲಿಲ್ಲದ ಹುರುಪು. ಒಂದು ಸಾಲನ್ನು ಇನ್ನೊಂದಕ್ಕೆ ಬೆಸೆದು, ಎಲ್ಲೂ ಬಿರುಕಿಲ್ಲದೆ ನುಡಿಸಿದೆ. ನಡುನಡುವೆ ಹೊಸ ಸ್ವರಜೋಡಣೆ ತುಂಬಿದೆ. ದಿನ ಕಳೆದಂತೆ ಜನರ ದನಿ ಸಣ್ಣದಾಯಿತು. ನಾನು ಆರ್ಗನ್ನಿನ ದನಿ ಏರಿಸಿದೆ. ಅವರದು ಇನ್ನೂ ಇಳಿಯಿತು. ಈಗಿನವರಿಗೆ ಹಾಡುವ ಮನಸ್ಸಿಲ್ಲ ಎಂದು ಮನೆಯಲ್ಲಿ ಬೇಸರ ಹೇಳಿಕೊಂಡೆ.

ಬಲಗಡೆ ಮೂರನೇ ಬೆಂಚಿನಲ್ಲಿ ಒಬ್ಬರು ಅಜ್ಜಿ ಕೂರುತ್ತಿದ್ದರು. ಪುಸ್ತಕ ತೆರೆಯುತ್ತಿರಲಿಲ್ಲ. ಕಣ್ಣು ಮಂಜಾಗಿತ್ತು, ಹಾಡುಗಳು ಬಾಯಿಪಾಠ ಇದ್ದವು. ಒಂದು ಭಾನುವಾರ ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದರು.

"ನಿನ್ನ ಪೆಟ್ಟಿಗೆಗೆ ಉಸಿರು ಬೇಡ. ನಮಗೆ ಬೇಕಲ್ಲ ಮಾರಾಯ. ನಾವು ಹಾಡುದು ಹೇಗೆ?"

ಅಷ್ಟೇ ಹೇಳಿ ಛತ್ರಿ ಬಿಡಿಸಿಕೊಂಡು ಹೋದರು. ನನಗೆ ನೋವಾಯಿತು. ಒಪ್ಪಿಕೊಳ್ಳುವ ಮನಸ್ಸು ಇನ್ನೂ ಬಂದಿರಲಿಲ್ಲ.

ಅದೇ ಮಳೆಗಾಲ. ಜುಲೈ ತಿಂಗಳು. ಎರಡನೇ ಹಾಡಿನ ಮೂರನೇ ಚರಣದಲ್ಲಿ ಕರೆಂಟು ಹೋಯಿತು. ಆರ್ಗನ್ ಸದ್ದಡಗಿತು. ನನ್ನ ಕೈ ಕೀಗಳ ಮೇಲೆ ಹಾಗೇ ಇತ್ತು. ಹೊರಗೆ ಹೆಂಚಿನ ಮೇಲೆ ಮಳೆ. ಜನ ಒಂದು ಶಬ್ದದಷ್ಟು ತಡವರಿಸಿದರು. ಆಮೇಲೆ ಹಾಡು ಮುಂದುವರಿಯಿತು. ಸಾಲಿನ ಕೊನೆಗೆ ಬಂದಾಗ ನನಗೆ ಒಂದು ಸದ್ದು ಕೇಳಿಸಿತು. ಸುಮಾರು 200 ಜನ ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು. ಗಾಳಿ ಬೀಸಿ ತೆಂಗಿನ ಗರಿ ಸರಿದ ಹಾಗೆ. ಮುಂದಿನ ಸಾಲು ಬಂದಾಗ ಅದು ಗೋಡೆಗೆ ಬಡಿಯುವಷ್ಟು ತುಂಬಿ ಬಂತು. ಅಷ್ಟು ವರ್ಷ ಆ ಉಸಿರಿನ ಮೇಲೆ ನಾನು ಕೈ ಇಟ್ಟು ಕೂತಿದ್ದೆ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ನನ್ನ ಕಥೆ. ಆರ್ಗನ್ ಬಿಡುವು ಕೊಡದಿದ್ದರೆ ಸಭೆ ಹಾಡಲಾರದು. ಈ ಪಾಠ ನನ್ನೊಬ್ಬನದೇ ಅಲ್ಲ. ಇದಕ್ಕೆ 500 ವರ್ಷಗಳ ಹಿನ್ನೆಲೆ ಇದೆ.

ಯೂರೋಪಿನ ಚರ್ಚುಗಳಲ್ಲಿ ಒಂದು ಕಾಲಕ್ಕೆ ಹಾಡು ಹೆಚ್ಚಾಗಿ ಪಾದ್ರಿಗಳದು, ಗಾಯಕರದು. ಭಾಷೆ ಲ್ಯಾಟಿನ್. ಜನ ಕೇಳುವವರು. ಜರ್ಮನಿಯ ಮಾರ್ಟಿನ್ ಲೂಥರ್ ಜನರ ಮಾತಿನಲ್ಲಿ ಹಾಡು ಕಟ್ಟಿ ಜನರ ಬಾಯಿಗೆ ಕೊಟ್ಟರು. 1524ರಲ್ಲಿ ಆ ಹಾಡುಗಳ ಪುಸ್ತಕಗಳು ಅಚ್ಚಾದವು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇನ್ನೂ ಕಟ್ಟುನಿಟ್ಟು. ಅಲ್ಲಿ ಆರಾಧನೆಯಲ್ಲಿ ಆರ್ಗನ್ನೇ ಬೇಡವೆಂದರು. ಜನ ಬರಿಯ ಬಾಯಲ್ಲಿ ಬೈಬಲ್ಲಿನ ಕೀರ್ತನೆಗಳನ್ನು ಹಾಡಿದರು. 1551ರ ಅಲ್ಲಿಯ ಪುಸ್ತಕದಲ್ಲಿದ್ದ ಒಂದು ರಾಗವನ್ನು ಇವತ್ತಿಗೂ ಲೋಕದ ಎಲ್ಲ ಕಡೆ ಹಾಡುತ್ತಾರೆ. ಅದಕ್ಕೆ ಓಲ್ಡ್ ಹಂಡ್ರೆಡ್ತ್ ಎಂಬ ಹೆಸರು ಬಂತು. ನಾಲ್ಕೇ ಸಾಲು. ಸಾಲಿಗೆ ಎಂಟು ಸ್ವರ. ಪ್ರತಿ ಸಾಲು ಉದ್ದ ಸ್ವರದ ಮೇಲೆ ನಿಲ್ಲುತ್ತದೆ. ಹೊಲದಿಂದ, ಅಂಗಡಿಯಿಂದ ಬಂದವರು ಎಲ್ಲಿ ಉಸಿರು ತೆಗೆದಾರು ಎಂದು ಯೋಚಿಸಿ ಕಟ್ಟಿದ ಹಾಗಿದೆ ಆ ರಾಗ. ಅದನ್ನು ನುಡಿಸುವಾಗಲೆಲ್ಲ ಅದನ್ನು ಕಟ್ಟಿದವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಇನ್ನೊಂದು ಸಂಗತಿ. ಯೋಹಾನ್ ಸೆಬಾಸ್ಟಿಯನ್ ಬಾಖ್ ಹೆಸರು ನೀವು ಕೇಳಿರಬಹುದು. ಆರ್ಗನ್ ಸಂಗೀತದಲ್ಲಿ ಅವರಿಗಿಂತ ದೊಡ್ಡವರಿಲ್ಲ. ಹದಿನೆಂಟನೇ ವಯಸ್ಸಿಗೆ ಅವರು ಆರ್ನ್‌ಸ್ಟಾಟ್ ಎಂಬ ಊರಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ಬುಕ್ಸ್ಟೆಹೂಡೆ ಎಂಬ ಹಿರಿಯ ವಾದಕರನ್ನು ಕೇಳಲು ಸುಮಾರು 400 ಕಿಲೋಮೀಟರ್ ನಡೆದು ಲ್ಯೂಬೆಕ್ ಊರಿಗೆ ಹೋದರು. ನಾಲ್ಕು ವಾರದ ರಜೆ ಕೇಳಿ ಹೋದವರು ನಾಲ್ಕು ತಿಂಗಳು ಬಿಟ್ಟು ಬಂದರು. 1706ರ ಫೆಬ್ರವರಿಯಲ್ಲಿ ಚರ್ಚಿನ ಆಡಳಿತದವರು ಅವರನ್ನು ಕರೆಸಿ ವಿಚಾರಿಸಿದರು. ರಜೆಯ ವಿಚಾರ ಒಂದು. ಇನ್ನೊಂದು ದೂರು, ಸಭೆಯ ಹಾಡಿಗೆ ನುಡಿಸುವಾಗ ವಿಚಿತ್ರ ಸ್ವರಗಳನ್ನು ಬೆರೆಸುತ್ತೀರಿ, ಜನ ಗಲಿಬಿಲಿಗೊಳ್ಳುತ್ತಾರೆ ಎಂಬುದು.

ಬಾಖ್ ಅವರಿಗೆ ಆಗ 20 ವರ್ಷ. ಆ ದೂರು ಕೊಟ್ಟವರು ಸಂಗೀತ ತಿಳಿಯದವರು ಎಂದು ಹಲವರು ಬರೆಯುತ್ತಾರೆ. ನಾನು ಹಾಗೆ ಹೇಳಲಾರೆ. ಆ ಊರಿನ ಮೂರನೇ ಬೆಂಚಿನಲ್ಲೂ ಒಬ್ಬರು ಅಜ್ಜಿ ಇದ್ದಿರಬೇಕು.

ಜನರ ಹಾಡಿಗೆ ಜನರ ಉಸಿರೇ ಅಳತೆ ಎಂದು ಇದುವರೆಗೆ ಹೇಳಿದೆ. ಈಗ ಆ ಹಾಡು ಕನ್ನಡಕ್ಕೆ ಬಂದಾಗ ಏನಾಯಿತು ನೋಡೋಣ. ನನ್ನ ಕೆಲಸದಲ್ಲಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ.

1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿಗೆ ಬಂತು. ಜೊತೆಗೆ ಜರ್ಮನ್ ರಾಗಗಳೂ ಬಂದವು. ಆ ರಾಗಗಳಿಗೆ ಕನ್ನಡದ ಮಾತು ಹೊಂದಿಸಿದರು. ಮಂಗಳೂರು, ಉಡುಪಿ, ಧಾರವಾಡ, ಬೆಟಗೇರಿಯ ಸಭೆಗಳು ಅವನ್ನು ಹಾಡಿದವು. ಆದರೆ ಜರ್ಮನ್ ಮಾತಿನ ನಡೆ ಬೇರೆ, ಕನ್ನಡದ ನಡೆ ಬೇರೆ. ಅವರ ಮಾತಿನಲ್ಲಿ ಒತ್ತು ಬಿದ್ದ ಕಡೆ ತಾಳ ಬೀಳುತ್ತದೆ. ನಮ್ಮ ಮಾತು ನಿಂತಿರುವುದು ಲಘು ಗುರುಗಳ ಮೇಲೆ, ಹ್ರಸ್ವ ದೀರ್ಘಗಳ ಮೇಲೆ.

ಒಂದು ಉದಾಹರಣೆ. "ಮನ" ಎಂಬ ಮಾತು. ಎರಡೂ ಹ್ರಸ್ವ. ರಾಗದ ಉದ್ದ ಸ್ವರ ಮೊದಲ ಅಕ್ಷರದ ಮೇಲೆ ಬಿದ್ದರೆ ಅದು "ಮಾನ" ಎಂದು ಕೇಳುತ್ತದೆ. "ಬಲ" ಎಂಬುದು "ಬಾಲ" ಆಗುತ್ತದೆ. ಹಾಡುವವರ ನಾಲಗೆ ಅಲ್ಲಿ ಅಳುಕುತ್ತದೆ. ಅಳುಕಿದ ನಾಲಗೆ ದನಿ ತಗ್ಗಿಸುತ್ತದೆ. ಮತ್ತೊಂದು ತೊಂದರೆ. ರಾಗ ಸಾಲು ಮುಗಿಸಿದ ಕಡೆ ಕನ್ನಡದ ಮಾತು ಮುಗಿದಿರುವುದಿಲ್ಲ. ಅರ್ಧ ಶಬ್ದ ಈ ಸಾಲಿನಲ್ಲಿ, ಇನ್ನರ್ಧ ಮುಂದಿನದರಲ್ಲಿ. ಅಲ್ಲಿ ಉಸಿರು ತೆಗೆದರೆ ಶಬ್ದ ಕತ್ತರಿಸುತ್ತದೆ. ತೆಗೆಯದಿದ್ದರೆ ಎದೆ ಬರಿದಾಗುತ್ತದೆ.

ಈ ಕಷ್ಟ ಮಿಷನರಿಗಳಿಗೆ ತಿಳಿಯದೆ ಇರಲಿಲ್ಲ. ಅವರಲ್ಲಿ ಒಬ್ಬರು ಫರ್ಡಿನೆಂಡ್ ಕಿಟೆಲ್. 1894ರ ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಕಿಟೆಲ್. ಅವರು 1862ರಲ್ಲಿ "ಕಥಾಮಾಲೆ" ಪ್ರಕಟಿಸಿದರು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದ ಪುಸ್ತಕ. 1875ರಲ್ಲಿ ನಾಗವರ್ಮನ "ಛಂದೋಂಬುಧಿ"ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಪರದೇಶದಿಂದ ಬಂದವರೊಬ್ಬರು ಸಾವಿರ ವರ್ಷ ಹಿಂದಿನ ನಮ್ಮ ಛಂದಸ್ಸಿನ ಗ್ರಂಥವನ್ನು ಅಷ್ಟು ಶ್ರಮಪಟ್ಟು ಓದಿದರಲ್ಲ, ಕನ್ನಡದ ಉಸಿರಿನ ಅಳತೆ ಅವರಿಗೆ ಬೇಕಾಗಿತ್ತು ಎಂದೇ ನಾನು ನಂಬುತ್ತೇನೆ.

ನನ್ನ ಉಪಾಯ ಚಿಕ್ಕದು. ಹೊಸ ಹಾಡು ಬಂದರೆ ಮೊದಲು ಆರ್ಗನ್ ಹತ್ತಿರ ಹೋಗುವುದಿಲ್ಲ. ಮನೆಯಲ್ಲಿ ಕೂತು ಮಾತನ್ನಷ್ಟೇ ಗಟ್ಟಿಯಾಗಿ ಓದುತ್ತೇನೆ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಅಲ್ಪವಿರಾಮ ಹಾಕುತ್ತೇನೆ. ಆ ಗುರುತು ಬಂದ ಕಡೆ ಕೈ ಎತ್ತುತ್ತೇನೆ. ಆದರೆ ತಾಳ ನಿಲ್ಲಿಸುವುದಿಲ್ಲ. ಕೊನೆಯ ಸ್ವರಕ್ಕೆ ಮೂರು ಎಣಿಕೆ ಇದ್ದರೆ ಎರಡೇ ನುಡಿಸುತ್ತೇನೆ. ಉಳಿದ ಒಂದು ಎಣಿಕೆ ಜನರಿಗೆ. ಮುಂದಿನ ಸಾಲು ಸರಿಯಾದ ಹೊತ್ತಿಗೆ ಶುರುವಾಗುತ್ತದೆ. ನಮ್ಮ ಪುಸ್ತಕದ ಪುಟಗಳು ಈಗ ಪೆನ್ಸಿಲ್ ಗುರುತುಗಳಿಂದ ತುಂಬಿವೆ. ಮಾತು ಎಷ್ಟೇ ತೊಡಕಾಗಿದ್ದರೂ ಗುರುತು ಸರಿಯಿದ್ದರೆ ಜನ ದಾರಿ ಕಂಡುಕೊಳ್ಳುತ್ತಾರೆ.

ಉಸಿರಿನ ಜಾಗ ಮಾತಿನಲ್ಲಿದೆ, ಅದಕ್ಕೆ ಪೆನ್ಸಿಲ್ ಗುರುತು ಎಂದು ಹೇಳಿದೆ. ಇನ್ನು ಶ್ರುತಿಯ ಬಗ್ಗೆ ಎರಡೇ ಮಾತು. ಬೆಳಿಗ್ಗೆ 8 ಗಂಟೆಗೆ ಯಾರ ಗಂಟಲೂ ತೆರೆದಿರುವುದಿಲ್ಲ. ಪುಸ್ತಕದಲ್ಲಿ ಬಿಳಿ ಎರಡು ಎಂದಿದ್ದರೆ ನಾನು ಬಿಳಿ ಒಂದಕ್ಕೆ ಇಳಿಸುತ್ತೇನೆ. ಮೇಲಿನ ಸ್ವರಕ್ಕೆ ಗುದ್ದಾಡುವವರು ಉಸಿರನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತಾರೆ.

ಇನ್ನೊಂದು ಬಗೆಯ ಹಾಡು ನಮ್ಮಲ್ಲಿದೆ. ನಮ್ಮ ನೆಲದ ರಾಗಗಳಲ್ಲಿ ಕಟ್ಟಿದ ಭಜನೆಗಳು, ಕೀರ್ತನೆಗಳು. ಇಲ್ಲಿ ಆರ್ಗನ್ ಬಹಳ ಎಚ್ಚರದಿಂದ ಇರಬೇಕು. ಆಕಾಶವಾಣಿ 1940ರಿಂದ ಸುಮಾರು 30 ವರ್ಷ ಹಾರ್ಮೋನಿಯಮ್ಮನ್ನು ಹೊರಗೆ ಇಟ್ಟಿತ್ತು. ಅದರ ಸ್ವರಗಳು ಕಟ್ಟಿಹಾಕಿದವು, ಗಮಕ ಬಾರದು, ಸ್ವರದಿಂದ ಸ್ವರಕ್ಕೆ ಜಾರಲು ಬಾರದು ಎಂಬುದು ಆಕ್ಷೇಪ. ಹಾರ್ಮೋನಿಯಂ, ಶ್ರುತಿಪೆಟ್ಟಿಗೆ, ನಮ್ಮ ಹಳೆಯ ರೀಡ್ ಆರ್ಗನ್ ಎಲ್ಲ ಒಂದೇ ಮನೆತನದವು. ಆ ಆಕ್ಷೇಪ ಆರ್ಗನ್ನಿಗೂ ತಾಗುತ್ತದೆ. ಅಷ್ಟು ವರ್ಷದ ನಿಷೇಧ ಅತಿಯಾಯಿತು ಎಂದು ನನ್ನ ಅಭಿಪ್ರಾಯ. ಆದರೆ ಆಕ್ಷೇಪದಲ್ಲಿ ಹುರುಳಿತ್ತು. ಭಜನೆಯ ದಿನ ನಾನು ಷಡ್ಜ ಪಂಚಮ ಹಿಡಿದು ಸುಮ್ಮನಿರುತ್ತೇನೆ. ಯಕ್ಷಗಾನದಲ್ಲಿ ಭಾಗವತರ ಹಿಂದೆ ಶ್ರುತಿ ಇರುವ ಹಾಗೆ. ಜನ ತಮಗೆ ಬೇಕಾದಂತೆ ಎಳೆಯುತ್ತಾರೆ, ತಿರುವುತ್ತಾರೆ. ಅಲ್ಲಿ ಉಸಿರಿನ ಜಾಗ ತಾಳದವರಿಗೂ ಜನರಿಗೂ ಗೊತ್ತು. ನಾನು ಹೇಳಿಕೊಡಬೇಕಾಗಿಲ್ಲ.

ಭಜನೆಯಲ್ಲಿ ಆರ್ಗನ್ ಹಿಂದೆ ಸರಿಯುತ್ತದೆ ಎಂದೆ. ಅದು ಪೂರ್ತಿ ಇಲ್ಲದಿರುವ ಕಡೆಯೂ ಒಂದಿದೆ. ಸಮಾಧಿಯ ಭೂಮಿ. ಅಲ್ಲಿಗೆ ಆರ್ಗನ್ ಬರುವುದಿಲ್ಲ. ಯಾರೋ ಒಬ್ಬರು ಮೊದಲ ಶಬ್ದ ಎತ್ತುತ್ತಾರೆ. ಅಳುವವರ ಉಸಿರು ತುಂಡಾಗಿರುತ್ತದೆ. ಅವರು ನಿಂತಲ್ಲಿ ಪಕ್ಕದವರು ಹಾಡು ಹಿಡಿದುಕೊಳ್ಳುತ್ತಾರೆ. ಅವರು ಮತ್ತೆ ಸೇರಿದಾಗ ಪಕ್ಕದವರು ಉಸಿರು ತೆಗೆಯುತ್ತಾರೆ. ಎಲ್ಲರೂ ಒಂದೇ ಸಲ ನಿಲ್ಲುವುದಿಲ್ಲ, ಹಾಡು ಕಡಿಯುವುದಿಲ್ಲ. ಅಷ್ಟು ಚೆನ್ನಾಗಿ ಸಭೆಯನ್ನು ಹಾಡಿಸಲು ನನಗೆ ಇವತ್ತಿಗೂ ಬಂದಿಲ್ಲ. ಹಾಗಾಗಿ ಪ್ರತಿ ಭಾನುವಾರ ಒಂದು ಚರಣದಲ್ಲಿ ಆರ್ಗನ್ ನಿಲ್ಲಿಸಿಬಿಡುತ್ತೇನೆ. ಜನ ತಮ್ಮ ದನಿಯನ್ನು ತಾವೇ ಕೇಳಲಿ ಎಂದು.

ಸಮಯ ಮುಗಿಯುತ್ತಾ ಬಂತು. ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ.

ಮಾಸ್ತರರ ಆ ಹಳೆಯ ರೀಡ್ ಆರ್ಗನ್ ವರ್ಷಗಟ್ಟಲೆ ಸಾಮಾನಿನ ಕೋಣೆಯಲ್ಲಿ ಬಿದ್ದಿತ್ತು. ಇಲಿಗಳು ತಿದಿಯನ್ನು ಕಡಿದಿದ್ದವು. ಎರಡು ವರ್ಷದ ಹಿಂದೆ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರನ್ನು ಕರೆಸಿದೆ. ಅವರು ತಿದಿಗೆ ಹೊಸ ಬಟ್ಟೆ, ಹೊಸ ಚರ್ಮ ಹಚ್ಚಿಕೊಟ್ಟರು. ಈಗ ನನ್ನ ಹತ್ತಿರ ಆರ್ಗನ್ ಕಲಿಯಲು ಬರುವ ಮಕ್ಕಳನ್ನು ಮೊದಲ ಆರು ವಾರ ಅದರ ಮುಂದೆಯೇ ಕೂರಿಸುತ್ತೇನೆ.

ಕಳೆದ ಶನಿವಾರ 9ನೇ ತರಗತಿಯ ಒಂದು ಹುಡುಗಿ ಕೂತಿದ್ದಳು. ಅವಳಿಗೆ ಕೊಟ್ಟದ್ದು ಗುರುತು ಹಾಕದ ಹೊಸ ಪುಸ್ತಕ. ಸಣ್ಣ ಕಾಲುಗಳು, ಹಲಗೆ ಮುಟ್ಟಲು ಬೆಂಚಿನ ಅಂಚಿಗೆ ಸರಿದು ಕೂರಬೇಕು. ಮೊದಲ ಸಾಲು ನುಡಿಸಿದಳು. ಎರಡನೆಯದರ ನಡುವೆ ತಟ್ಟನೆ ಕೈ ಎತ್ತಿ, ಎರಡು ಸಲ ತುಳಿದು, ಮುಂದಕ್ಕೆ ಹೋದಳು.

"ಅಲ್ಲಿ ಯಾಕೆ ಬಿಟ್ಟೆ ಮಗಾ?" ಎಂದು ಕೇಳಿದೆ.

ಅವಳು ಹೆದರಿದಳು. "ಗಾಳಿ ಮುಗೀತು ಸರ್. ತುಂಬಿಸಿಕೊಂಡೆ."

ನನ್ನ ಪುಸ್ತಕ ತೆರೆದು ಆ ಸಾಲು ನೋಡಿದೆ. ಪೆನ್ಸಿಲಿನ ಗುರುತು ಅಲ್ಲೇ ಇತ್ತು.